ಖಾಲಿ ಕಂಡ ವಿಳಾಸ ಪುಸ್ತಕ

ಹೋದ ತಿಂಗಳು ಒಬ್ಬ ಮೇಷ್ಟ್ರ ವೈದ್ಯಕೀಯ ರಜೆಯ ಪತ್ರವನ್ನು ಅದೇ ಹೆಸರಿನ ಇನ್ನೊಬ್ಬರಿಗೆ ಕಳಿಸಿಬಿಟ್ಟೆ. ಇಮೇಲ್ ವಿಳಾಸವನ್ನು ನೆನಪಿನಿಂದ ಬರೆದದ್ದರ ಫಲ. ಅವರ ಕಾಯಿಲೆ ಸ್ಟಾಫ್ ರೂಮಿಗೆಲ್ಲ ಗೊತ್ತಾಯ್ತು. ಇವತ್ತಿಗೂ ಅವರು ಎದುರು ಸಿಕ್ಕರೆ ನನಗೆ ತಲೆ ಎತ್ತೋಕಾಗಲ್ಲ.

ಅದಕ್ಕೇ ಥಂಡರ್‌ಬರ್ಡ್‌ಗೆ ಕಾಲೇಜಿನ ಎಲ್‌ಡಿಎಪಿ ಡೈರೆಕ್ಟರಿ ಜೋಡಿಸೋಕೆ ಕೂತೆ. ಎಲ್ಲರ ವಿಳಾಸವೂ ಅಲ್ಲೇ ಇರುತ್ತೆ. ಸರ್ವರ್ ಹೆಸರು, ಬೇಸ್ ಡಿಎನ್ ತುಂಬಿಸಿದೆ. (ಬೇಸ್ ಡಿಎನ್ ಅಂದರೆ ಹುಡುಕಾಟ ಎಲ್ಲಿಂದ ಶುರುವಾಗಬೇಕು ಅನ್ನೋ ಗುರುತು. ಅದರಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋದರೂ ಕೆಲಸ ಕೆಟ್ಟಿತು.) ಪುಸ್ತಕ ತೆರೆದರೆ ಖಾಲಿ. ಅಳಿಸಿ ಮತ್ತೆ ಸೇರಿಸಿದೆ, ಖಾಲಿ. ಮೂರು ದಿನ ಆಫೀಸ್ ಮುಗಿದ ಮೇಲೂ ಕೂತು ಬಸ್ ತಪ್ಪಿಸಿಕೊಂಡೆ.

ಕೊನೆಗೆ ಕಂಪ್ಯೂಟರ್ ವಿಭಾಗದ ಹುಡುಗನಿಗೆ ಫೋನ್ ಮಾಡಿದರೆ ನಕ್ಕ. "ಮೇಡಂ, ಅದು ತೆರೆದ ಕೂಡ್ಲೇ ಪಟ್ಟಿ ತೋರ್ಸಲ್ಲ. ಹೆಸರು ಹಾಕಿ ಹುಡುಕ್ಬೇಕು." ಹುಡುಕಿದೆ. ಆಗಲೂ ಇಲ್ಲ! ನೋಡಿದರೆ ಪೋರ್ಟ್ 389 ಅಂತಿತ್ತು. ನಮ್ಮ ಸರ್ವರ್ ಸುರಕ್ಷಿತ ಸಂಪರ್ಕವನ್ನಷ್ಟೇ ಒಪ್ಪುತ್ತಂತೆ. ಎಸ್‌ಎಸ್‌ಎಲ್‌ಗೆ ಟಿಕ್ ಹಾಕಿ ಪೋರ್ಟ್ 636 ಮಾಡಿದೆ. ಬಂತು!

ಪತ್ರ ಬರೆಯುವಾಗ ಹೆಸರು ತಾನಾಗೇ ಬರಬೇಕಾದರೆ ಸೆಟ್ಟಿಂಗ್ಸ್‌ನ ಕಂಪೊಸಿಷನ್ ಭಾಗದಲ್ಲೂ ಡೈರೆಕ್ಟರಿ ಸರ್ವರ್ ಆರಿಸಿರಬೇಕು, ಮರೀಬೇಡಿ. ಅದನ್ನೂ ಮಾಡಿ ಆ ಮೇಷ್ಟ್ರ ಹೆಸರು ಟೈಪ್ ಮಾಡಿದೆ. ಇಬ್ಬರ ವಿಳಾಸವೂ ಒಂದರ ಕೆಳಗೊಂದು ಬಂತು. ಕಳಿಸೋ ಮುಂಚೆ ಎರಡು ಸಲ ನೋಡಿಕೊಂಡೆ.