ಮುಟ್ಟಬಹುದಾದ ಶಿಲ್ಪ, ಮುಟ್ಟಬಾರದ ಜನ

ಹೋದ ವರ್ಷ ಬೆಂಗಳೂರಿನಲ್ಲಿ ಒಂದು ವಿಚಾರ ಸಂಕಿರಣ. ವಿಷಯ, ಬಯಲಿನಲ್ಲಿ ನಿಲ್ಲಿಸುವ ಚಲಿಸುವ ಶಿಲ್ಪ. ಬಸ್ ಚಾರ್ಜು ಹೊಂದಿಸಿಕೊಂಡು ನಾನೂ ಹೋಗಿದ್ದೆ. ಖಾದಿ ಜುಬ್ಬಾದ ವಿದ್ವಾಂಸರೊಬ್ಬರು ಪರದೆಯ ಮೇಲೆ ಚಿತ್ರ ತೋರಿಸುತ್ತಾ, 'ಇನ್ನು ಶಿಲ್ಪ ನೋಡುವುದಕ್ಕಲ್ಲ, ಮುಟ್ಟುವುದಕ್ಕೆ' ಅಂದರು. ಸಭೆ ಚಪ್ಪಾಳೆ ತಟ್ಟಿತು. ನನ್ನ ಕೈ ಏಳಲಿಲ್ಲ. 'ಮುಟ್ಟುವುದು' ಅನ್ನುವ ಮಾತು ಇವರ ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತದಲ್ಲಾ ಅಂತ ಯೋಚಿಸುತ್ತಾ ಕೂತಿದ್ದೆ.

ಅವರು ತೋರಿಸಿದ್ದು ನ್ಯೂಯಾರ್ಕಿನ ಆಸ್ಟರ್ ಪ್ಲೇಸ್ ಎಂಬ ಚೌಕದಲ್ಲಿರುವ ಕಪ್ಪು ಉಕ್ಕಿನ ಘನ. ದಾಳದ ಹಾಗೆ ಆರು ಮುಖ. ಮಾಡಿದವನು ಟೋನಿ ರೋಸೆಂಥಾಲ್, ಇಟ್ಟ ಹೆಸರು 'ಅಲಾಮೊ'. 1967ರಲ್ಲಿ ಕೆಲವು ಕಾಲದ ಪ್ರದರ್ಶನಕ್ಕೆಂದು ನಿಲ್ಲಿಸಿದ್ದನ್ನು ಅಲ್ಲಿನ ಜನ ಅರ್ಜಿ ಕೊಟ್ಟು ಉಳಿಸಿಕೊಂಡರು. ಒಂದೊಂದು ಬದಿ 8 ಅಡಿ, ತೂಕ ಸುಮಾರು 800 ಕೆಜಿ. ಒಂದೇ ಮೂಲೆಯ ಮೇಲೆ ನಿಂತಿದೆ. ಒಳಗೆ ಅಡಗಿಸಿದ ಕಂಬದ ಸುತ್ತ ತಿರುಗುತ್ತದೆ. ಮೋಟಾರಿಲ್ಲ, ಕರೆಂಟಿಲ್ಲ. ಒಬ್ಬನೇ ತಳ್ಳಿದರೆ ಮಿಸುಕುವುದು ಕಷ್ಟ. ಗುರುತು ಪರಿಚಯ ಇಲ್ಲದ ಇಬ್ಬರು ಮೂವರು ಭುಜ ಕೊಟ್ಟರೆ ತಿರುಗುತ್ತದೆ. ಯಾರ ಕೈ ಅಂತ ಅದು ಕೇಳುವುದಿಲ್ಲ.

ಅಮೆರಿಕ ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಬಸ್ಸಿನ ಸೀಟು ಬಿಟ್ಟೇಳದ ತಪ್ಪಿಗೆ 1955ರಲ್ಲಿ ರೋಸಾ ಪಾರ್ಕ್ಸ್ ಎಂಬ ಕಪ್ಪು ಹೆಣ್ಣುಮಗಳನ್ನು ಪೊಲೀಸರು ಹಿಡಿದೊಯ್ದ ದೇಶ ಅದು. ನನ್ನ ತಕರಾರು ಆ ಘನದ ಮೇಲಲ್ಲ. ಆಮೇಲೆ ವಿದ್ವಾಂಸರು ಆಡಿದ ಮಾತಿನ ಮೇಲೆ. 'ನಮಗೆ ಇದೇನೂ ಹೊಸದಲ್ಲ. ತೇರಿಲ್ಲವೇ? ಇಡೀ ಊರು ಸೇರಿ ಎಳೆಯುವ ಶಿಲ್ಪವಲ್ಲವೇ ಅದು?' ಅಂದರು.

ನಾನು ಎದ್ದು ನಿಂತೆ. 'ಇಡೀ ಊರು ಅಂದ್ರೆ ಯಾರು ಸ್ವಾಮಿ?' ಸಮಯವಿಲ್ಲ ಅಂತ ಕೂರಿಸಿದರು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರ ತೇರಿನ ಮಿಣಿ ಹೊಸೆಯುತ್ತಿದ್ದವನು ನಮ್ಮ ತಾತ. ಕತ್ತಾಳೆ ಕೊಯ್ದು, ಕೆರೆಯಲ್ಲಿ ಕೊಳೆಹಾಕಿ, ಬಡಿದು, ನಾರು ತೆಗೆದು, ಅಂಗೈ ಕಿತ್ತುಬರುವ ತನಕ ಹುರಿ ಹಾಕುತ್ತಿದ್ದ. ತೇರಿಗೆ ಕಟ್ಟುವ ತನಕ ಅದು ಹೊಲೆಯನ ಮಿಣಿ. ನೀರು ಚಿಮುಕಿಸಿ ಕಟ್ಟಿದ ಮೇಲೆ ದೇವರ ಮಿಣಿ. ಆಮೇಲೆ ಹೊಸೆದ ಕೈ ಅದನ್ನು ಮುಟ್ಟುವ ಹಾಗಿಲ್ಲ. ಅಪ್ಪ ತೇರಿಗಿಂತ ಮೂವತ್ತು ಮಾರು ಮುಂದೆ ತಮಟೆ ಬಡಿಯುತ್ತಿದ್ದ. ಅವ್ವ ಜನರ ಹಿಂದೆ, ಹುಣಸೆಮರದ ಬುಡದಿಂದ, ಹಣ್ಣು ದವನ ಎಸೆಯುತ್ತಿದ್ದಳು. ಅವಳು ಎಸೆದ ಬಾಳೆಹಣ್ಣು ಯಾವತ್ತೂ ತೇರಿಗೆ ತಾಗಲಿಲ್ಲ. ಅವ್ವನಿಗೆ ಗುರಿಯಿಲ್ಲ ಅಂತ ನಾವು ಮಕ್ಕಳು ನಗುತ್ತಿದ್ದೆವು. ತಪ್ಪು ಗುರಿಯದಲ್ಲ, ದೂರದ್ದು ಅಂತ ತಿಳಿಯೋದಕ್ಕೆ ನಾನು ಬಿ.ಎ. ಓದಬೇಕಾಯಿತು.

ಇದೆಲ್ಲ ಹಳೇ ಕಾಲದ ಮಾತು ಅನ್ನುತ್ತೀರಾ? 2022ರ ಸೆಪ್ಟೆಂಬರ್. ಕೋಲಾರ ಜಿಲ್ಲೆ, ಮಾಲೂರು ತಾಲೂಕು, ಉಳ್ಳೇರಹಳ್ಳಿ. ದೇವರ ಮೆರವಣಿಗೆಯಲ್ಲಿ ಹದಿನೈದು ವರ್ಷದ ದಲಿತ ಹುಡುಗ ದೇವರ ಕೋಲು ಮುಟ್ಟಿದ. ದಂಡ 60,000 ರೂಪಾಯಿ! ಕೂಲಿ ಮಾಡಿ ತಿನ್ನುವ ಮನೆಗೆ. ಸುದ್ದಿಯಾದ ಮೇಲೆ ಪೊಲೀಸ್ ಕೇಸಾಯಿತು. ನ್ಯೂಯಾರ್ಕಿನಲ್ಲಿ ಒಂದು ಕಂಬ, ಉಳ್ಳೇರಹಳ್ಳಿಯಲ್ಲಿ ಒಂದು ಕೋಲು. ಅಲ್ಲಿ ಕೈ ತಾಗಿದರೆ ಶಿಲ್ಪ ತಿರುಗುತ್ತದೆ. ಇಲ್ಲಿ ಕೈ ತಾಗಿದರೆ ಊರು ತಿರುಗಿಬೀಳುತ್ತದೆ.

ತಮಿಳುನಾಡಿನ ಶಿವಗಂಗಾ ಜಿಲ್ಲೆಯ ಕಂಡದೇವಿಯಲ್ಲಿ 1998ರಲ್ಲಿ ದಲಿತರು ತೇರಿನ ಹಗ್ಗ ಹಿಡಿಯುವ ಹಕ್ಕು ಕೇಳಿದರು. ಆ ತೇರು ಹಲವು ವರ್ಷ ಕದಲದೆ ನಿಂತಿತ್ತು. ಮತ್ತೆ ಬೀದಿಗೆ ಬಂದದ್ದು 2024ರಲ್ಲಿ, ಹೈಕೋರ್ಟು ಹೇಳಿದ ಮೇಲೆ, ಪೊಲೀಸ್ ಕಾವಲಿನಲ್ಲಿ. ಜಾತಿ ಅಂದ್ರೆ ಇದೇ ಕಣ್ರಪ್ಪ. ತೇರು ನಿಂತರೂ ಸರಿ, ಹಗ್ಗ ಹಂಚಿಕೊಳ್ಳೋದಿಲ್ಲ.

'ಹಂಪಿಯಲ್ಲೂ ಮುಟ್ಟಬೇಡಿ ಅನ್ನುತ್ತಾರಲ್ಲ' ಅಂತ ಯಾರಾದರೂ ವಾದ ಹೂಡಬಹುದು. ನಿಜ. 50 ರೂಪಾಯಿ ನೋಟಿನ ಮೇಲಿರುವ ಆ ಕಲ್ಲಿನ ತೇರಿನ ಗಾಲಿಗಳು ಒಂದು ಕಾಲಕ್ಕೆ ತಿರುಗುತ್ತಿದ್ದವು. ಸವೆಯುತ್ತವೆ ಅಂತ ಸಿಮೆಂಟು ಹಾಕಿ ನಿಲ್ಲಿಸಿದರು. ಅದು ಕಲ್ಲು ಕಾಯುವ ಕೆಲಸ. ಅಲ್ಲಿ ಯಾರ ಕೈಯೂ ಬೇಡ. ನಮ್ಮೂರಲ್ಲಿ ನಮ್ಮ ಕೈ ಮಾತ್ರ ಬೇಡ. ಇವೆರಡನ್ನೂ ಒಂದೇ ಅನ್ನುವವರು ಸಂಸ್ಕೃತಿಯ ಗುತ್ತಿಗೆದಾರರು. ಅವರ ಜೊತೆ ನನಗೆ ಮಾತಿಲ್ಲ.

ಕಲಾವಿದ ಗೆಳೆಯರೇ, ಮುಟ್ಟಿದರೆ ತಿರುಗುವ ಶಿಲ್ಪ ನಮ್ಮ ಸರ್ಕಲ್ಲುಗಳಿಗೂ ಬರಲಿ, ಬೇಡ ಅನ್ನುವುದಿಲ್ಲ. ಆದರೆ ಮಾಲಿನ ಮುಂದೆ, ಐಟಿ ಕಂಪನಿಯ ಕಾಂಪೌಂಡಿನಲ್ಲಿ ನಿಲ್ಲಿಸಿ 'ಸಾರ್ವಜನಿಕ' ಅನ್ನಬೇಡಿ. ಊರು ಮತ್ತು ಕೇರಿಯ ನಡುವಿನ ಬಯಲಿನಲ್ಲಿ ನಿಲ್ಲಿಸಿ. ಎರಡೂ ಕಡೆಯ ಕೈ ಬೀಳದೆ ಕದಲದ ಹಾಗೆ ಮಾಡಿ. ಆಗ ನೋಡೋಣ, ಯಾರು ಬರುತ್ತಾರೆ, ಯಾರು ಬರುವುದಿಲ್ಲ ಅಂತ.

ಮೇಷ್ಟ್ರುಗಳೇ, ಜಾತ್ರೆಗೆ ಮುಂಚೆ ಸಂವಿಧಾನದ 17ನೇ ವಿಧಿಯನ್ನು ಮಕ್ಕಳಿಗೆ ಗಟ್ಟಿಯಾಗಿ ಓದಿಸಿ. ಅಸ್ಪೃಶ್ಯತೆ ರದ್ದಾಗಿದೆ ಅಂತ 1950ರಿಂದ ಅಲ್ಲಿ ಬರೆದಿದೆ. ವಿದ್ಯಾರ್ಥಿಗಳೇ, ಮುಜರಾಯಿ ದೇವಸ್ಥಾನದ ತೇರು ಸರ್ಕಾರದ ಕೈಕೆಳಗಿನದು. ಅದರ ಮಿಣಿ ಯಾರು ಹೊಸೆದರು, ಯಾರು ಹಿಡಿದರು ಅಂತ ಬರೆದು ಕೇಳಿ.

ಆ ನ್ಯೂಯಾರ್ಕಿನ ಘನವೂ ಕೆಟ್ಟಿತ್ತು. ತಿರುಗದ ಹಾಗೆ ಬಿಗಿದು ನಿಲ್ಲಿಸಿದ್ದರು. 2023ರಲ್ಲಿ ಕಿತ್ತೊಯ್ದು, ದುರಸ್ತಿ ಮಾಡಿ, ತಿರುಗುವ ಹಾಗೆ ಮತ್ತೆ ತಂದು ನಿಲ್ಲಿಸಿದರು. ನಮ್ಮೂರ ತೇರಿನ ದುರಸ್ತಿ ಯಾವಾಗ?

ಈ ಸಲದ ಜಾತ್ರೆಗೆ ಊರಿಗೆ ಹೋಗುತ್ತಿದ್ದೇನೆ. ತಾತ ಇಲ್ಲ. ಅವ್ವ ಇದ್ದಾಳೆ. ಹುಣಸೆಮರದ ಬುಡದಿಂದ ಅವಳನ್ನು ಮಿಣಿಯ ತನಕ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ನಾವಿಬ್ಬರೇ ಸಾಲದು. ಬರುವವರು ಬನ್ನಿ.