ಕಹಿ ಮದ್ದು ಯಾರ ಹೊಣೆ?

ಫೆಬ್ರವರಿ 10, ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ. ಅಂದು ನಮ್ಮ ಅಂಗನವಾಡಿಗಳಲ್ಲಿ ಮಕ್ಕಳು ಅಲ್ಬೆಂಡಜೋಲ್ ಮಾತ್ರೆಯನ್ನು ಪೆಪ್ಪರ್‌ಮಿಂಟಿನಂತೆ ಅಗಿದು ನುಂಗುತ್ತಾರೆ. ಎರಡು ವರ್ಷದೊಳಗಿನವರಿಗೆ ಅರ್ಧ ಮಾತ್ರೆ, ಅದನ್ನೂ ಪುಡಿಮಾಡಿ ನೀರಲ್ಲಿ ಕಲಸಿ ಕೊಡುತ್ತಾರೆ. ಇದು ಸಹಜ ಎಂದುಕೊಂಡಿದ್ದೇವೆ. ಅಲ್ಲ. ಬಡವರ ರೋಗಗಳಿಗೆ ಮಗುವಿನ ಬಾಯಿಯನ್ನು ನೆನೆದು ಮಾಡಿದ ಮದ್ದು ಅಪರೂಪ.

ಆಫ್ರಿಕಾದ ಸರೋವರಗಳ ದಂಡೆಯ ಊರುಗಳಲ್ಲಿ ಶಿಸ್ಟೊಸೊಮಿಯಾಸಿಸ್ ಎಂಬ ಕಾಯಿಲೆಯಿದೆ. ಸಿಹಿನೀರಿನ ಬಸವನಹುಳುವಿನಿಂದ ಹೊರಬಿದ್ದ ಮರಿಹುಳುಗಳು ನೀರಿಗಿಳಿದವರ ಚರ್ಮ ಕೊರೆದು ಒಳಹೊಕ್ಕು ರಕ್ತನಾಳಗಳಲ್ಲಿ ನೆಲೆಸುತ್ತವೆ. ಅಮ್ಮ ಬಟ್ಟೆ ಒಗೆಯುವಾಗ ಪಕ್ಕದಲ್ಲಿ ನೀರಾಡುವ ಕೂಸನ್ನೂ ಬಿಡುವುದಿಲ್ಲ. ಇದಕ್ಕೆ ಮದ್ದು ಪ್ರಾಜಿಕ್ವಾಂಟೆಲ್, 1970ರ ದಶಕದಲ್ಲೇ ಕಂಡುಹಿಡಿದದ್ದು. ಆದರೆ ಅದು 600 ಮಿಲಿಗ್ರಾಂನ ದಪ್ಪ ಮಾತ್ರೆ, ವಿಪರೀತ ಕಹಿ. ಶಾಲಾ ಮಕ್ಕಳಿಗೆ ಹಂಚಿದರು, ಅವರಿಗಿಂತ ಚಿಕ್ಕವರನ್ನು ಕೈಬಿಟ್ಟರು. ಚಿಕಿತ್ಸೆ ಬೇಕಿರುವ ಅಂಥ ಮಕ್ಕಳು ಸುಮಾರು 5 ಕೋಟಿ ಎಂಬ ಅಂದಾಜಿದೆ.

ಮದ್ದು ಅಂದಮೇಲೆ ಕಹಿ ಇರುವುದೇ ಎನ್ನುವವರು ಕೇಳಿ. ಆ ಮಾತ್ರೆಯಲ್ಲಿ ಎಡಗೈ ಬಲಗೈಗಳಂತೆ ಒಂದಕ್ಕೊಂದು ಕನ್ನಡಿಬಿಂಬವಾದ ಎರಡು ಬಗೆಯ ಅಣುಗಳು ಸಮಪಾಲಿನಲ್ಲಿವೆ. ಹುಳುವನ್ನು ಕೊಲ್ಲುವುದು ಒಂದು ಬಗೆ. ಇನ್ನೊಂದು ಹುಳುವಿನ ಮೇಲೆ ಕೆಲಸ ಮಾಡದು, ಆದರೆ ಹೆಚ್ಚು ಕಹಿ ಅದರದೇ. ಕೆಲಸ ಮಾಡುವ ಅರ್ಧವನ್ನಷ್ಟೇ ತೆಗೆದುಕೊಂಡು, ನೀರಲ್ಲಿ ಕದಡಿ ಕುಡಿಸುವ 150 ಮಿಲಿಗ್ರಾಂ ಮಾತ್ರೆ ಈಗ ಬಂದಿದೆ. ಅದಕ್ಕಾಗಿ ಒಕ್ಕೂಟ ಹುಟ್ಟಿದ್ದು 2012ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಮಾನ್ಯ ಮಾಡಿದ್ದು 2024ರಲ್ಲಿ. ಇಷ್ಟು ತಡವಾದದ್ದು ಬುದ್ಧಿ ಸಾಲದೆ ಅಲ್ಲ. ದುಡ್ಡಿಲ್ಲದ ಮನೆಯ ಕೂಸನ್ನು ಮಾರುಕಟ್ಟೆ ಗಿರಾಕಿ ಎಂದು ಎಣಿಸಲೇ ಇಲ್ಲ.

ಈಗ ಎಲ್ಲರ ಬಾಯಲ್ಲೂ ನ್ಯಾನೋ. ನಾನು ಅದರ ವಿರೋಧಿಯಲ್ಲ. ಬಿಹಾರದ ಕಾಲಾ ಅಜಾರ್ ರೋಗಿಗಳಿಗೆ ಆಂಫೊಟೆರಿಸಿನ್ ಔಷಧವನ್ನು ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿಟ್ಟು ಕೊಟ್ಟಾಗ, ವಾರಗಟ್ಟಲೆಯ ಚಿಕಿತ್ಸೆ ಒಂದೇ ಡ್ರಿಪ್ಪಿಗೆ ಇಳಿಯಿತು. ಮೂತ್ರಪಿಂಡಕ್ಕೆ ಹಾನಿಯೂ ಕಡಿಮೆಯಾಯಿತು. ಆದರೆ ಅದಕ್ಕೆ ಸೂಜಿ ಬೇಕು, ಆಸ್ಪತ್ರೆ ಬೇಕು, 25 ಡಿಗ್ರಿ ಮೀರದ ತಂಪು ಬೇಕು. ನೀರಲ್ಲಿ ಸುಲಭವಾಗಿ ಕರಗದ ಪ್ರಾಜಿಕ್ವಾಂಟೆಲನ್ನೂ ಕೊಬ್ಬಿನ ನ್ಯಾನೋಕಣಗಳಲ್ಲಿ ತುಂಬುವ ಪ್ರಯೋಗಗಳು ನಡೆದಿವೆ. ಮೈಗೆ ಚೆನ್ನಾಗಿ ಹತ್ತಬಹುದು, ಕಹಿಯೂ ಅಡಗಬಹುದು. ಒಳ್ಳೆಯದೇ. ಆದರೆ ಇಲಿ ಗುಣವಾದ ದಿನವೇ ಗೆದ್ದೆವೆಂದು ಬೀಗುವ ಸಂಶೋಧನೆ ನನಗೆ ಒಪ್ಪಿಗೆಯಿಲ್ಲ.

ಫ್ರಿಜ್ಜಿಲ್ಲದ ಊರಲ್ಲಿ ಅದು ಕೆಡದೆ ಉಳಿಯುತ್ತದೆಯೇ? ಸೂಜಿಯಿಲ್ಲದೆ ಚಮಚದಲ್ಲಿ ಕೊಡಬಹುದೇ? ಸರ್ಕಾರಕ್ಕೆ ಕೊಳ್ಳಲಾಗುವ ಬೆಲೆಯೇ? ಈ ಪ್ರಶ್ನೆಗಳನ್ನು ಕೊನೆಗಲ್ಲ, ಪ್ರಯೋಗಕ್ಕೆ ಹಣ ಕೊಡುವ ದಿನವೇ ಕೇಳಬೇಕು. ವಿಜ್ಞಾನ ಓದುತ್ತಿರುವ ಗೆಳೆಯರೇ, ನೀವೂ ಕೇಳಿ. ಕೂಸು ಉಗುಳಿದ ಮದ್ದು ಎಷ್ಟು ಸೂಕ್ಷ್ಮವಾಗಿದ್ದರೇನು, ಬಿದ್ದದ್ದು ನೆಲಕ್ಕೆ.