ಅಕ್ಷರಸಂಕೇತ: ಊಹೆ ಬೇಡ, ಒಪ್ಪಂದ ಬೇಕು

ಗಣಕಯಂತ್ರಕ್ಕೆ ಅಕ್ಷರಜ್ಞಾನವಿಲ್ಲ, ಅದು ಬಲ್ಲುದು ಸಂಖ್ಯೆಗಳನ್ನು ಮಾತ್ರ. ನಮ್ಮ ‘ಕ’ ಅಕ್ಷರವು ಯುಟಿಎಫ್-8 ಎಂಬ ಸಂಕೇತಪದ್ಧತಿಯಲ್ಲಿ 224, 178, 149 ಎಂಬ ಮೂರು ಬೈಟುಗಳಾಗುತ್ತದೆ. ಯುಟಿಎಫ್-16ರಲ್ಲಿ 12 ಮತ್ತು 149 ಎಂಬ ಎರಡೇ ಬೈಟುಗಳಾಗುತ್ತದೆ. ಪದ್ಧತಿ ಯಾವುದೆಂದು ತಿಳಿಯದಿದ್ದರೆ ಈ ಸಂಖ್ಯೆಗಳು ಬರಿಯ ಒಗಟು.

ಹಲವರು ಕೂಡಿ ಒಂದು ಗ್ರಂಥವನ್ನೋ ತಂತ್ರಾಂಶವನ್ನೋ ಬರೆಯುವಾಗ, ಯಾರು ಎಂದು ಯಾವ ಸಾಲನ್ನು ತಿದ್ದಿದರೆಂಬ ಇತಿಹಾಸವನ್ನು ಕಾದಿಡುವ ಸಾಧನಗಳುಂಟು. ಲೀನಸ್ ಟೋರ್ವಾಲ್ಡ್ಸ್ 2005ರಲ್ಲಿ ರಚಿಸಿದ ‘ಗಿಟ್’ ಅಂಥವುಗಳಲ್ಲಿ ಸುಪ್ರಸಿದ್ಧವಾದುದು. ಕಡತದ ಮೊದಲ 8000 ಬೈಟುಗಳಲ್ಲಿ ಎಲ್ಲಿಯಾದರೂ ಸೊನ್ನೆ ಕಂಡುಬಂದರೆ ಅದು ಪಠ್ಯವೇ ಅಲ್ಲವೆಂದು ಗಿಟ್ ಭಾವಿಸುತ್ತದೆ. ಯುಟಿಎಫ್-16ರಲ್ಲಿ ಪದಗಳ ನಡುವಣ ತೆರಪು 0 ಮತ್ತು 32 ಎಂಬ ಬೈಟುಗಳಾಗುವುದರಿಂದ, ಅಚ್ಚಗನ್ನಡದ ಲೇಖನವೂ ಅದರ ಪಾಲಿಗೆ ಛಾಯಾಚಿತ್ರದ ಕಡತಕ್ಕೆ ಸಮಾನ! ‘ಪ್ರತಿಗಳು ಬೇರೆಬೇರೆ’ ಎಂದಷ್ಟೇ ತಿಳಿಸಿ ಅದು ಸುಮ್ಮನಾಗುತ್ತದೆ. ಯಾವ ಸಾಲು ಬದಲಾಯಿತೆಂದು ತೋರಿಸುವುದಿಲ್ಲ.

ಹಾಗಾದರೆ ಸಾಧನವೇ ಪದ್ಧತಿಯನ್ನು ಊಹಿಸಿ ತಿದ್ದಿಕೊಳ್ಳಬಾರದೇ ಎಂದು ಕೆಲವರು ಕೇಳುವುದುಂಟು. ಕೂಡದೆಂದೇ ನಮ್ಮ ಅಭಿಪ್ರಾಯ. 233 ಎಂಬ ಒಂದೇ ಬೈಟು ಐಎಸ್ಒ 8859-1 ಪದ್ಧತಿಯಲ್ಲಿ ಫ್ರೆಂಚರ ಗೆರೆಯುಳ್ಳ ‘ಇ’ ಅಕ್ಷರ. ವಿಂಡೋಸ್-1251ರಲ್ಲಿ ಅದೇ ರಷ್ಯನ್ ಭಾಷೆಯ ‘ಯ್’. ಬೈಟನ್ನಷ್ಟೇ ನೋಡಿ ಇವೆರಡನ್ನು ಬೇರ್ಪಡಿಸಬಲ್ಲವರಾರು? ತಪ್ಪು ಊಹೆಯಿಂದಾದ ಬದಲಾವಣೆ ಸದ್ದಿಲ್ಲದೆ ಇತಿಹಾಸವನ್ನು ಸೇರಿದರೆ, ಬರೆದವನ ಮಾತು ಕೆಡುವುದಲ್ಲದೆ ದಾಖಲೆಯ ಮೇಲಿನ ನಂಬಿಕೆಯೂ ಕೆಡುತ್ತದೆ.

ಆದುದರಿಂದ ಊಹೆಗಿಂತ ಒಪ್ಪಂದವೇ ಮೇಲು. ಕೂಡಿ ದುಡಿಯುವವರು ಮೊದಲ ದಿನವೇ ಒಂದು ಪದ್ಧತಿಯನ್ನು ಗೊತ್ತುಮಾಡಿ, ಅದನ್ನು ಕಡತಗಳ ಜೊತೆಯಲ್ಲೇ ಬರೆದಿಡಬೇಕು. ಕನ್ನಡದ ಮಟ್ಟಿಗೆ ಯುಟಿಎಫ್-8 ಯೋಗ್ಯವಾದ ಆಯ್ಕೆ. ಬೇರೆ ಪದ್ಧತಿ ಅನಿವಾರ್ಯವಾದ ಕಡತಗಳಿಗೂ ದಾರಿಯುಂಟು: ಅಂಥ ಕಡತದ ಪದ್ಧತಿಯನ್ನು ನಾವು ಹೆಸರಿಸಿ ತಿಳಿಸಿದರೆ, ಭಂಡಾರದೊಳಗೆ ಅದನ್ನು ಯುಟಿಎಫ್-8 ಆಗಿಯೇ ಇರಿಸುವ ಏರ್ಪಾಡು ಗಿಟ್‌ನಲ್ಲಿ 2018ರಿಂದ ಇದೆ. ಇಲ್ಲಿಯೂ ಸಾಧನ ಊಹಿಸುವುದಿಲ್ಲ, ನಾವು ಹೇಳಿದಂತೆ ನಡೆಯುತ್ತದೆ ಎಂಬುದು ಗಮನಾರ್ಹ.

ಹಳೆಯ ಕಡತಗಳನ್ನು ಪರಿವರ್ತಿಸುವಾಗ ಇನ್ನೊಂದು ಎಚ್ಚರಿಕೆ ಅಗತ್ಯ. ಪರಿವರ್ತನೆಯಿಂದ ಕನ್ನಡದ ಪ್ರತಿಯೊಂದು ಸಾಲಿನ ಬೈಟುಗಳೂ ಬದಲಾಗುತ್ತವೆ. ಅದರೊಡನೆ ಭಾಷೆಯ ತಿದ್ದುಪಡಿಯನ್ನೂ ಬೆರೆಸಿದರೆ ನಿಜವಾದ ತಿದ್ದುಪಡಿ ಆ ಪ್ರವಾಹದಲ್ಲಿ ಮುಳುಗಿಹೋಗುತ್ತದೆ. ಪರಿವರ್ತನೆಯನ್ನು ಪ್ರತ್ಯೇಕವಾಗಿ ದಾಖಲಿಸಿ, ಕಾರಣವನ್ನೂ ಬರೆದಿಡುವುದು ಲೇಸು.

ಇಂದು ಗಣಕವಿದ್ಯೆಯನ್ನು ಕಲಿಯುತ್ತಿರುವ ತರುಣರು ಇದನ್ನು ಕ್ಷುಲ್ಲಕವೆಂದು ಬಗೆಯದಿರಲಿ. ಮುಂದೆ ಆ ಕಡತವನ್ನು ತೆರೆಯುವವನಿಗೆ ನಮ್ಮ ಮನಸ್ಸಿನಲ್ಲಿದ್ದುದು ತಿಳಿಯದು. ನಾವು ಬರೆದಿಟ್ಟುದಷ್ಟೇ ತಿಳಿಯುತ್ತದೆ.